ದುಗ್ಧಗ್ರಂಥಿಗಳಲ್ಲಿ ಅರ್ಬುದದ ದರ್ಶನವೂ ಔಷಧಪ್ರಯೋಗವೂ

ಕ್ರಿ. ಶ. ೧೯೯೩ರಲ್ಲಿ ನನ್ನ ಚಿಕ್ಕಮ್ಮನವರಿಗೆ ಎಡಸ್ತನದಲ್ಲಿ ಅರ್ಬುದವು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಸ್ತನದೊಡನೆ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಅವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಒಂದರಲ್ಲಿಯೂ ರೋಗವಿರಲಿಲ್ಲವೆಂದು ತಿಳಿದುಬಂದಿತು. ರೋಗವು ಮರಳಲಿಲ್ಲ, ಆದರೆ ಆ ಕೈ ಬಾತುಕೊಂಡಿತು, ಮತ್ತು ಅವರು ಬದುಕಿದ್ದಷ್ಟು ಕಾಲವೂ ಆ ಕೈಗೆ ಬಳೆಯೇರಲಿಲ್ಲ. “ರೋಗವೇ ಇಲ್ಲದ ಗಂಟುಗಳನ್ನು ಏತಕ್ಕೆ ತೆಗೆದರೋ? ತರ್ಕ ಓದುವವನು ನೀನು, ಹೇಳು” ಎಂದು ಅವರು ಒಮ್ಮೆ ನನ್ನನ್ನು ಕೇಳಿದರು. ಆಗ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಮುಗಿಸಿ ಮುಕ್ತಾವಳಿಗೆ ಕೈಯಿಕ್ಕಿದ್ದ ನನಗೆ ಉತ್ತರವು ಹೊಳೆಯಲಿಲ್ಲ.

ವೈದ್ಯರದೇನೂ ತಪ್ಪಿರಲಿಲ್ಲ, ಆ ಕಾಲದ ಶಾಸ್ತ್ರವು ವಿಧಿಸಿದ್ದನ್ನೇ ಅವರು ಮಾಡಿದ್ದರು. ಆದರೆ ಆಕೆಯ ಪ್ರಶ್ನೆಯು ವೈದ್ಯಕ್ಕೆ ಮಾತ್ರ ಸೇರಿದ್ದಲ್ಲ, ಪ್ರಮಾಣಶಾಸ್ತ್ರಕ್ಕೂ ಸೇರಿದ್ದೆಂಬುದು ಬಹುಕಾಲದ ಮೇಲೆ ನನಗೆ ತಿಳಿಯಿತು. ಕಣ್ಣಿಗೆ ಕಾಣದ ರೋಗವನ್ನು ಉಂಟೆಂದು ಯಾವಾಗ ಊಹಿಸಬೇಕು? ಕಾಣಲಿಲ್ಲವೆಂಬ ಮಾತ್ರಕ್ಕೆ ಇಲ್ಲವೆಂದು ಯಾವಾಗ ಹೇಳಬಹುದು? ದುಗ್ಧಗ್ರಂಥಿಗಳಿಗೆ ಹರಡಿದ ಅರ್ಬುದದ ವಿಷಯದಲ್ಲಿ ಕಳೆದ ಮೂವತ್ತು ನಾಲ್ವತ್ತು ವರ್ಷಗಳ ಸಾಧನೆಯೆಲ್ಲವೂ ಈ ಎರಡು ಪ್ರಶ್ನೆಗಳ ಸುತ್ತ ನಡೆದಿದೆ. ಎಷ್ಟು ಕಾಣುವೆವೋ ಅಷ್ಟನ್ನೇ ಕತ್ತರಿಸಲೂ ಔಷಧದಿಂದ ಹೊಡೆಯಲೂ ಸಾಧ್ಯ. ಕಾಣ್ಕೆಯ ಮಿತಿಯೇ ಚಿಕಿತ್ಸೆಯ ಮಿತಿ. ಇದನ್ನು ನಮ್ಮ ಶಾಸ್ತ್ರಗಳಿಗೆ ಪರಿಚಿತವಾದ ಕೆಲವು ನ್ಯಾಯಗಳ ಸಹಾಯದಿಂದ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

೧. ದುಗ್ಧವೆಂಬ ಹೆಸರು

ಮೊದಲು ಶಬ್ದವಿಚಾರ. ಕನ್ನಡದಲ್ಲಿ ‘ದುಗ್ಧರಸ’ವೆಂದು ಕರೆಯಲ್ಪಡುವ ದ್ರವವು ಹಾಲಿನಂತೆ ಬೆಳ್ಳಗಿರುವುದಿಲ್ಲ, ತಿಳಿನೀರಿನಂತೆ ಸ್ವಚ್ಛವಾಗಿರುತ್ತದೆ. ಪಾಶ್ಚಾತ್ಯರ ‘ಲಿಂಫ್’ ಎಂಬ ಮಾತು ಸ್ವಚ್ಛಜಲವನ್ನು ಹೇಳುವ ಲ್ಯಾಟಿನ್ ಶಬ್ದದಿಂದಲೇ ಬಂದುದು. ಹಾಗಾದರೆ ಹಾಲಿನ ಹೆಸರು ಎಲ್ಲಿಂದ ಬಂದಿತು? ಕ್ರಿ. ಶ. ೧೬೨೨ರಲ್ಲಿ ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ಅಂಗರಚನಾಶಾಸ್ತ್ರಜ್ಞನು, ಆಗತಾನೆ ಆಹಾರವನ್ನು ತಿಂದಿದ್ದ ನಾಯಿಯ ಹೊಟ್ಟೆಯನ್ನು ಸೀಳಿ ನೋಡಿದಾಗ, ಕರುಳನ್ನು ಹಿಡಿದಿರುವ ಪೊರೆಯ ಮೇಲೆ ಬಿಳಿಯ ಎಳೆಗಳು ಕಂಡವು. ಚುಚ್ಚಿದರೆ ಹಾಲಿನಂಥ ದ್ರವವು ಹೊರಟಿತು. ಉಂಡ ಆಹಾರದ ಕೊಬ್ಬು ಈ ನಾಳಗಳ ಮೂಲಕ ಹೋಗುವುದರಿಂದ ಊಟವಾದ ಮೇಲೆ ಕರುಳಿನ ಭಾಗದಲ್ಲಿ ಮಾತ್ರ ಆ ರಸಕ್ಕೆ ಬಿಳುಪು ಬರುತ್ತದೆ. ೧೬೫೧ರಲ್ಲಿ ಫ್ರಾನ್ಸಿನ ಪೆಕೆ ಎಂಬವನು ಈ ನಾಳಗಳು ಎದೆಯ ದೊಡ್ಡ ನಾಳವೊಂದನ್ನು ಸೇರಿ ಕೊನೆಗೆ ರಕ್ತದಲ್ಲಿ ಬೀಳುವುವೆಂದು ತೋರಿಸಿದನು. ೧೬೫೩ರ ಹೊತ್ತಿಗೆ ಸ್ವೀಡನ್ನಿನ ರುಡ್ಬೆಕ್ ಮತ್ತು ಡೆನ್ಮಾರ್ಕಿನ ಬಾರ್ಟೊಲಿನ್ ಇವರ ಪ್ರಯತ್ನದಿಂದ ಈ ಜಾಲವು ದೇಹದ ಬೇರೆ ಭಾಗಗಳಲ್ಲಿಯೂ ಹರಡಿದೆಯೆಂಬುದು ಸ್ಥಿರಪಟ್ಟಿತು. ‘ದುಗ್ಧ’ವೆಂಬುದು ಒಂದು ಭಾಗದ ಹೆಸರು ಇಡೀ ಜಾಲಕ್ಕೆ ಅನ್ವಯವಾದುದಕ್ಕೆ ದೃಷ್ಟಾಂತ. ರೂಢಿಯಾದ ಮಾತನ್ನು ಈಗ ಬಿಡಬೇಕಾಗಿಲ್ಲ. ಅರ್ಥವನ್ನು ತಿಳಿದು ಬಳಸಿದರೆ ಸಾಕು.

ರಕ್ತನಾಳಗಳಿಂದ ಹೊರಕ್ಕೆ ಒಸರಿ ಅಂಗಾಂಶಗಳಲ್ಲಿ ನಿಂತ ನೀರನ್ನು ಈ ನಾಳಗಳು ಹೀರಿ ಮರಳಿ ರಕ್ತಕ್ಕೆ ಸೇರಿಸುತ್ತವೆ. ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನ ಆಕಾರದ ಗ್ರಂಥಿಗಳಿವೆ. ದೇಹದಲ್ಲೆಲ್ಲಾ ಸುಮಾರು ೬೦೦. ರಸವು ಇವುಗಳಲ್ಲಿ ಸೋಸಲ್ಪಡುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿನಲ್ಲಿ ಗಂಟು ಕಟ್ಟುವುದನ್ನು ಎಲ್ಲರೂ ಬಲ್ಲರು; ಅದು ಈ ಗ್ರಂಥಿಯ ಕೆಲಸವೇ. ಸುಶ್ರುತಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಅರ್ಬುದ, ಗಲಗಂಡಗಳ ವಿಚಾರವಿದೆ. ದವಡೆ, ಕಂಕುಳು, ಕೊರಳು ಮುಂತಾದ ಎಡೆಗಳಲ್ಲಿ ಸಾಲಾಗಿ ಏಳುವ ಗಂಟುಗಳನ್ನು ಅಲ್ಲಿ ಅಪಚಿಯೆಂದು ಹೇಳಿದೆ. ಈ ಸ್ಥಾನಗಳು ದುಗ್ಧಗ್ರಂಥಿಗಳ ಸ್ಥಾನಗಳೇ ಸರಿ. ಆದರೆ ಇಷ್ಟರಿಂದ ಪ್ರಾಚೀನರಿಗೆ ಈ ನಾಳಜಾಲವು ತಿಳಿದಿತ್ತೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅವರು ಕಣ್ಣಾರೆ ಕಂಡುದನ್ನು ಪ್ರಾಮಾಣಿಕವಾಗಿ ಬರೆದರು; ಆ ಗೌರವವೇ ಅವರಿಗೆ ಸಾಲುತ್ತದೆ.

೨. ಎಷ್ಟು ಕತ್ತರಿಸಬೇಕು?

ಅರ್ಬುದದ ಕಣಗಳು ಹುಟ್ಟಿದೆಡೆಯಿಂದ ಕಳಚಿ ದುಗ್ಧನಾಳಗಳನ್ನು ಹೊಕ್ಕರೆ ಸಮೀಪದ ಗ್ರಂಥಿಯಲ್ಲಿ ತಂಗಿ ಬೆಳೆಯಬಲ್ಲವು. ಸ್ತನದಿಂದ ಕಂಕುಳಿಗೆ, ಬಾಯಿಯಿಂದ ಕೊರಳಿಗೆ, ಪುರುಷರ ಪ್ರಾಸ್ಟೇಟ್ ಗ್ರಂಥಿಯಿಂದ ಕಿಬ್ಬೊಟ್ಟೆಯ ಒಳಗಿನ ಗ್ರಂಥಿಗಳಿಗೆ ಹೀಗೆ ರೋಗವು ಹರಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು, ಸ್ತನ, ಅದರ ಕೆಳಗಿನ ಮಾಂಸಖಂಡ, ಕಂಕುಳಿನ ಗ್ರಂಥಿಗಳು ಇವೆಲ್ಲವನ್ನೂ ಒಟ್ಟಿಗೆ ತೆಗೆಯುವ ಕ್ರಮವನ್ನು ರೂಢಿಗೆ ತಂದನು. ಎಲ್ಲಿಯವರೆಗೆ ಹರಡಿದೆಯೆಂದು ಕಾಣದಿದ್ದ ಕಾಲದಲ್ಲಿ, ಹರಡಿರಬಹುದಾದುದೆಲ್ಲವನ್ನೂ ತೆಗೆಯುವುದೇ ಜಾಣತನವೆಂದು ತೋರಿತು. ಮಾಂಸಖಂಡವನ್ನು ಉಳಿಸುವ ಕ್ರಮವು ಮುಂದೆ ಬಂದಿತಾದರೂ, ಕಂಕುಳನ್ನು ಬರಿದುಮಾಡುವ ವಿಧಿಯು ನೂರು ವರ್ಷಗಳ ಕಾಲ ನಿಂತಿತು.

ಇದಕ್ಕೆ ತೆರಬೇಕಾದ ಬೆಲೆಯು ಅಲ್ಪವಲ್ಲ. ಗ್ರಂಥಿಗಳು ಹೋದ ಮೇಲೆ ಕೈಯಿಂದ ರಸವು ಹರಿದುಹೋಗಲು ದಾರಿ ಸಾಲದೆ ಕೈ ಬಾಯುವುದುಂಟು. ೨೦೧೪ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಪರಿಶೋಧನೆಯೊಂದರಲ್ಲಿ, ಕಂಕುಳಿನ ಗ್ರಂಥಿಗಳನ್ನು ತೆಗೆದ ಸ್ತ್ರೀಯರಲ್ಲಿ ಐದು ವರ್ಷಗಳ ಮೇಲೆ ನೂರಕ್ಕೆ ೨೩ ಮಂದಿಗೆ ಈ ಬಾವಿನ ಲಕ್ಷಣಗಳಿದ್ದವು. ತೆಗೆಯದೆ ಕಿರಣಚಿಕಿತ್ಸೆಯನ್ನು ಮಾತ್ರ ಕೊಟ್ಟವರಲ್ಲಿ ೧೧ ಮಂದಿಗೆ ಇದ್ದವು. ಬಳೆಯೇರದ ಆ ಕೈ ಹೀಗೆ ಅನೇಕರದು.

೩. ಸ್ಥಾಲೀಪುಲಾಕನ್ಯಾಯ

ಅನ್ನವು ಬೆಂದಿದೆಯೆ ಎಂದು ತಿಳಿಯಲು ಪಾತ್ರೆಯೊಳಗಿನ ಅಗುಳನ್ನೆಲ್ಲಾ ಹಿಸುಕಬೇಕಾಗಿಲ್ಲ. ಒಂದು ಅಗುಳು ಸಾಕು. ಇದು ಸ್ಥಾಲೀಪುಲಾಕನ್ಯಾಯ. ಗ್ರಂಥಿಗಳ ವಿಷಯದಲ್ಲಿಯೂ ಒಂದೆರಡನ್ನು ಪರೀಕ್ಷಿಸಿ ಉಳಿದವುಗಳ ಸ್ಥಿತಿಯನ್ನು ತಿಳಿಯಬಹುದೆ?

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪಾತ್ರೆಯ ಅಗುಳುಗಳಿಗೆಲ್ಲಾ ತಗಲುವ ಬೆಂಕಿಯು ಒಂದೇ ಆದುದರಿಂದ ಯಾವ ಅಗುಳಾದರೂ ಸರಿ. ಗ್ರಂಥಿಗಳು ಹಾಗಲ್ಲ, ಅವು ದಾರಿಯಲ್ಲಿ ಒಂದಾದಮೇಲೊಂದರಂತೆ ಇರುವುವು. ಊರೊಳಕ್ಕೆ ಬರುವವನು ಮೊದಲು ಹೆಬ್ಬಾಗಿಲನ್ನು ದಾಟಬೇಕಾಗುವಂತೆ, ಅರ್ಬುದದ ಕಣವು ಮೊದಲು ಎದುರಾಗುವ ಗ್ರಂಥಿಯನ್ನು ಹಾಯಬೇಕು. ಆದಕಾರಣ ಪರೀಕ್ಷಿಸತಕ್ಕದ್ದು ಆ ಮೊದಲನೆಯದನ್ನೇ. ಅದಕ್ಕೆ ‘ಕಾವಲುಗ್ರಂಥಿ’ಯೆಂದು ಹೆಸರಿಡೋಣ. ೧೯೭೭ರಲ್ಲಿ ಕಬಾನಾಸ್ ಎಂಬ ವೈದ್ಯನು ಶಿಶ್ನದ ಅರ್ಬುದದಲ್ಲಿ ಈ ಭಾವನೆಯನ್ನು ಪ್ರತಿಪಾದಿಸಿದನು. ೧೯೯೨ರಲ್ಲಿ ಅಮೆರಿಕದ ಮಾರ್ಟನ್ ಮತ್ತು ಅವನ ಸಂಗಡಿಗರು ಚರ್ಮದ ಮೆಲನೋಮ ಎಂಬ ಅರ್ಬುದದ ಬಳಿ ನೀಲಿಯ ಬಣ್ಣವನ್ನು ಚುಚ್ಚಿ, ಅದು ಹರಿದು ಮೊದಲು ಸೇರಿದ ಗ್ರಂಥಿಯನ್ನು ಗುರುತಿಸಿದರು. ಸ್ತನದ ಅರ್ಬುದದಲ್ಲಿ ೧೯೯೩ರಲ್ಲಿ ಕ್ರಾಗ್ ವಿಕಿರಣಶೀಲ ದ್ರವ್ಯದಿಂದಲೂ, ೧೯೯೪ರಲ್ಲಿ ಜುಲಿಯಾನೊ ನೀಲಿಯ ಬಣ್ಣದಿಂದಲೂ ಇದನ್ನೇ ಸಾಧಿಸಿದರು. ಚಿಕ್ಕಮ್ಮನವರ ಪ್ರಶ್ನೆಗೆ ಉತ್ತರವು ಅದೇ ವರ್ಷಗಳಲ್ಲಿ ದೂರದೇಶದಲ್ಲಿ ಸಿದ್ಧವಾಗುತ್ತಿದ್ದಿತು.

ಇದಕ್ಕೆ ಹೆಚ್ಚಾಗಿ ಬಳಸುವ ವಿಕಿರಣಶೀಲ ಧಾತು ಟೆಕ್ನೀಶಿಯಂ-೯೯ಎಂ. ಅದರ ಅರ್ಧಾಯುವು ಆರು ಗಂಟೆ. ಎಂದರೆ ಆರು ಗಂಟೆಗಳಲ್ಲಿ ಅದರ ತೇಜಸ್ಸು ಅರ್ಧಕ್ಕಿಳಿಯುವುದು. ಕೆಲಸವಾದೊಡನೆ ಅಡಗಿಹೋಗುವ ದೀಪವಿದು. ಶಸ್ತ್ರವೈದ್ಯನು ಕೈಯಲ್ಲಿ ಹಿಡಿದ ಶೋಧಕದಿಂದ ಕಿರಣದ ಎಡೆಯನ್ನು ಪತ್ತೆಹಚ್ಚಿ, ಆ ಗ್ರಂಥಿಯನ್ನಷ್ಟೇ ತೆಗೆದು ಪರೀಕ್ಷೆಗೆ ಕಳುಹಿಸುತ್ತಾನೆ.

ಶಂಕೆ: ಕಾವಲುಗ್ರಂಥಿಯು ಶುದ್ಧವಾಗಿದ್ದೂ ಹಿಂದಿನದರಲ್ಲಿ ರೋಗವಿದ್ದರೆ? ಅದು ಉಂಟೇ ಉಂಟು. ಅಮೆರಿಕದಲ್ಲಿ ೫,೬೧೧ ಸ್ತ್ರೀಯರನ್ನೊಳಗೊಂಡ ಪರಿಶೋಧನೆಯಲ್ಲಿ, ಗ್ರಂಥಿಗಳಲ್ಲಿ ರೋಗವಿದ್ದವರೊಳಗೆ ನೂರಕ್ಕೆ ೯.೮ರಷ್ಟು ಮಂದಿಯಲ್ಲಿ ಕಾವಲುಗ್ರಂಥಿಯು ಅದನ್ನು ಸೂಚಿಸಲಿಲ್ಲ. ಹಾಗಿದ್ದೂ ೨೦೧೦ರಲ್ಲಿ ಪ್ರಕಟವಾದ ಫಲದಂತೆ ಎರಡು ಪಂಗಡಗಳ ಆಯುಸ್ಸಿನಲ್ಲಿ ಭೇದವು ಕಾಣಲಿಲ್ಲ. ೨೦೧೧ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸ್ತನವನ್ನು ಉಳಿಸುವ ಶಸ್ತ್ರಚಿಕಿತ್ಸೆಯನ್ನೂ ಕಿರಣಚಿಕಿತ್ಸೆಯನ್ನೂ ಪಡೆದ, ಒಂದೆರಡು ಕಾವಲುಗ್ರಂಥಿಗಳಲ್ಲಿ ರೋಗವಿದ್ದ ೮೯೧ ಸ್ತ್ರೀಯರಲ್ಲಿ, ಉಳಿದ ಗ್ರಂಥಿಗಳನ್ನು ತೆಗೆಯದಿದ್ದವರ ಆಯುಸ್ಸು ತೆಗೆದವರದಕ್ಕಿಂತ ಕಡಮೆಯಾಗಿರಲಿಲ್ಲ. ನೆರವಿಗೆ ಕಿರಣವೂ ಔಷಧವೂ ಇದ್ದುದರಿಂದ ಉಳಿದ ರೋಗವು ಅಡಗಿತೆಂದು ತಿಳಿಯಬೇಕು. ನ್ಯಾಯವು ಇಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ಸಹಕಾರಿಕಾರಣಗಳೊಡನೆ ನಿಲ್ಲುತ್ತದೆ.

೪. ಯೋಗ್ಯಾನುಪಲಬ್ಧಿ

ಕತ್ತರಿಸದೆಯೇ, ಹೊರಗಿನಿಂದಲೇ ಗ್ರಂಥಿಯೊಳಗಣ ರೋಗವನ್ನು ಕಾಣಬಹುದೆ? ಹಿಂದಿನ ಯಂತ್ರಗಳು ಗಾತ್ರವನ್ನು ನೋಡಿ ತೀರ್ಪು ಹೇಳುತ್ತಿದ್ದವು: ಗ್ರಂಥಿಯ ಅಡ್ಡಳತೆಯು ೧೦ ಮಿಲಿಮೀಟರಿಗೆ ಮೀರಿದ್ದರೆ ಸಂಶಯ, ಇಲ್ಲವಾದರೆ ಇಲ್ಲ. ನೈಯಾಯಿಕರ ಮಾತಿನಲ್ಲಿ ಇದು ಸವ್ಯಭಿಚಾರ ಹೇತು. ಬರಿಯ ಕೀವಿನಿಂದಲೂ ಗ್ರಂಥಿಯು ದೊಡ್ಡದಾಗಬಹುದು. ಸಣ್ಣ ಗ್ರಂಥಿಯಲ್ಲಿಯೂ ಅರ್ಬುದವು ಅಡಗಿರಬಹುದು. ಹೇತುವು ಸಾಧ್ಯವನ್ನು ಬಿಟ್ಟೂ ಇರುವುದರಿಂದ ಅನುಮಾನವು ನಿಲ್ಲದು.

೨೦೦೩ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇಲ್ಲಿ ಸ್ಮರಣೀಯವಾಗಿದೆ. ಪ್ರಾಸ್ಟೇಟ್ ಅರ್ಬುದದ ೮೦ ರೋಗಿಗಳ ರಕ್ತಕ್ಕೆ ಅತಿಸೂಕ್ಷ್ಮವಾದ ಕಬ್ಬಿಣದ ಕಣಗಳನ್ನು ಸೇರಿಸಿ, ಎಂ. ಆರ್. ಐ. ಎಂಬ ಕಾಂತಯಂತ್ರದಿಂದ ನೋಡಲಾಯಿತು. ಆರೋಗ್ಯವುಳ್ಳ ಗ್ರಂಥಿಯಲ್ಲಿನ ಭಕ್ಷಕಕಣಗಳು ಕಬ್ಬಿಣವನ್ನು ನುಂಗುವುದರಿಂದ ಗ್ರಂಥಿಯು ಚಿತ್ರದಲ್ಲಿ ಕಪ್ಪಾಗುತ್ತದೆ. ಅರ್ಬುದವು ಆಕ್ರಮಿಸಿದ ಭಾಗವು ಕಪ್ಪಾಗದೆ ಉಳಿಯುತ್ತದೆ. ರೋಗವು ಗ್ರಂಥಿಗಳಿಗೆ ಹರಡಿದ್ದ ೩೩ ಮಂದಿಯನ್ನೂ ಇದು ಗುರುತಿಸಿತು. ಅವರ ರೋಗಯುಕ್ತವಾದ ೬೩ ಗ್ರಂಥಿಗಳಲ್ಲಿ ೪೫ ಗಾತ್ರದಿಂದ ಸಂಶಯಕ್ಕೆ ಎಡೆಗೊಡುವಂಥವಾಗಿರಲಿಲ್ಲ. ಇಲ್ಲಿ ಕಬ್ಬಿಣದ ಅಭಾವವೇ ರೋಗಕ್ಕೆ ಹೇತುವಾಯಿತು.

ಈಚೆಗೆ ರೋಗದ ಕಣವನ್ನೇ ಹುಡುಕಿಹೋಗುವ ದ್ರವ್ಯಗಳು ಬಂದಿವೆ. ಪ್ರಾಸ್ಟೇಟ್ ಅರ್ಬುದದ ಕಣಗಳ ಮೈಮೇಲೆ ಪಿ. ಎಸ್. ಎಂ. ಎ. ಎಂಬ ಪ್ರೋಟೀನು ಹೇರಳವಾಗಿರುತ್ತದೆ. ಅದಕ್ಕೆ ಕೀಲಿಗೆ ಕೀಲಿಕೈಯಂತೆ ಹೊಂದುವ ಅಣುವಿಗೆ ಗ್ಯಾಲಿಯಂ-೬೮ ಎಂಬ ವಿಕಿರಣಶೀಲ ಧಾತುವನ್ನು ಕಟ್ಟಿ ರಕ್ತಕ್ಕೆ ಸೇರಿಸಿದರೆ, ರೋಗವಿದ್ದೆಡೆಯು ಪೆಟ್ ಎಂಬ ಯಂತ್ರದಲ್ಲಿ ಹೊಳೆಯುತ್ತದೆ. ೨೦೨೦ರಲ್ಲಿ ಆಸ್ಟ್ರೇಲಿಯದಲ್ಲಿ ೩೦೨ ಪುರುಷರ ಮೇಲೆ ನಡೆದ ಪರಿಶೋಧನೆಯ ಫಲವು ಪ್ರಕಟವಾಯಿತು: ರೋಗವು ಹರಡಿದೆಯೇ ಇಲ್ಲವೇ ಎಂಬುದನ್ನು ಹೇಳುವುದರಲ್ಲಿ ಹಳೆಯ ಕ್ರಮದ ನಿಷ್ಕೃಷ್ಟತೆಯು ನೂರಕ್ಕೆ ೬೫, ಹೊಸದರದು ೯೨.

ಇಷ್ಟಾದಮೇಲೆ ‘ಚಿತ್ರದಲ್ಲಿ ಹೊಳೆಯದಿದ್ದರೆ ರೋಗವಿಲ್ಲ’ವೆಂದು ಹೇಳಬಹುದಲ್ಲವೆ? ಇಲ್ಲಿ ನಮ್ಮ ಶಾಸ್ತ್ರಕಾರರ ಎಚ್ಚರಿಕೆಯು ನೆನಪಾಗಬೇಕು. ಬರಿಯ ಅನುಪಲಬ್ಧಿಯು ಅಭಾವಕ್ಕೆ ಪ್ರಮಾಣವಲ್ಲ, ಯೋಗ್ಯಾನುಪಲಬ್ಧಿಯೇ ಪ್ರಮಾಣ. ವಸ್ತುವು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎಂಬ ಯೋಗ್ಯತೆಯಿದ್ದಾಗ ಮಾತ್ರ ಕಾಣದಿರುವುದರಿಂದ ಇಲ್ಲವೆಂದು ನಿಶ್ಚಯಿಸಬಹುದು. ಹಗಲಿನಲ್ಲಿ ನೆಲದ ಮೇಲೆ ಕಾಣದ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದ ಗಡಿಗೆ ಇಲ್ಲವೆನ್ನಲಾಗದು. ಪೆಟ್ ಯಂತ್ರವು ನಾಲ್ಕೈದು ಮಿಲಿಮೀಟರಿಗಿಂತ ಸಣ್ಣದಾದುದನ್ನು ಸ್ಪಷ್ಟವಾಗಿ ತೋರಿಸಲಾರದು. ಗ್ರಂಥಿಯಲ್ಲಿನ ಅರ್ಬುದದ ಬೀಡಾದರೋ ಎರಡು ಮಿಲಿಮೀಟರಿಗೂ ಕಡಮೆಯಾಗಿರಬಹುದು. ೨೦೨೧ರಲ್ಲಿ ಕ್ಯಾಲಿಫೋರ್ನಿಯದ ವೈದ್ಯರು, ಈ ಚಿತ್ರವನ್ನು ತೆಗೆದ ಮೇಲೆ ಶಸ್ತ್ರಚಿಕಿತ್ಸೆಯಾದ ೨೭೭ ರೋಗಿಗಳ ಗ್ರಂಥಿಗಳನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. ರೋಗವಿಲ್ಲದ ನೂರು ಮಂದಿಯಲ್ಲಿ ೯೫ ಮಂದಿಗೆ ಚಿತ್ರವು ಸರಿಯಾಗಿ ಇಲ್ಲವೆಂದಿತು. ಆದರೆ ರೋಗವಿದ್ದ ನೂರರಲ್ಲಿ ಸುಮಾರು ೪೦ ಮಂದಿಯನ್ನು ಮಾತ್ರ ಕಂಡಿತು. ‘ಉಂಟು’ ಎಂದರೆ ಬಹಳಮಟ್ಟಿಗೆ ನಂಬಬಹುದು. ‘ಇಲ್ಲ’ವೆಂದರೆ ‘ನನಗೆ ಕಾಣುವಷ್ಟರಮಟ್ಟಿಗೆ ಇಲ್ಲ’ ಎಂದೇ ಅರ್ಥ.

ಈ ಭೇದವು ಪ್ರಾಣಕ್ಕೆ ಸಂಬಂಧಪಟ್ಟುದು. ತಂಬಾಕಿನ ಅಗಿತದಿಂದ ಬಾಯಿಯ ಅರ್ಬುದವು ನಮ್ಮ ದೇಶದಲ್ಲಿ ಹೆಚ್ಚು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು, ಬಾಯಿಯಲ್ಲಿ ಅರ್ಬುದವಿದ್ದು ಕೊರಳಿನಲ್ಲಿ ಗಂಟು ಕಾಣದಿದ್ದ ರೋಗಿಗಳನ್ನು ಎರಡು ಪಂಗಡಗಳಾಗಿ ಮಾಡಿದರು: ಒಂದರಲ್ಲಿ ಕೊರಳಿನ ಗ್ರಂಥಿಗಳನ್ನು ಆಗಲೇ ತೆಗೆದರು, ಇನ್ನೊಂದರಲ್ಲಿ ಗಂಟು ಕಾಣಿಸಿಕೊಂಡ ಮೇಲೆ ತೆಗೆದರು. ೨೦೧೫ರಲ್ಲಿ ೫೦೦ ಮಂದಿಯ ಫಲವು ಪ್ರಕಟವಾಯಿತು. ಮೂರು ವರ್ಷಗಳ ಮೇಲೆ ಮೊದಲನೆಯ ಪಂಗಡದಲ್ಲಿ ನೂರಕ್ಕೆ ೮೦ ಮಂದಿ, ಎರಡನೆಯದರಲ್ಲಿ ೬೭.೫ ಮಂದಿ ಜೀವಿಸಿದ್ದರು. ಕಾಣದುದನ್ನು ಇಲ್ಲವೆಂದು ಕಾದಿದ್ದರಿಂದ ನೂರರಲ್ಲಿ ಹನ್ನೆರಡಕ್ಕೂ ಮಿಕ್ಕು ಜೀವಗಳು ಹೋದವು. ಇನ್ನೊಂದು ಕಡೆ, ಇಟಲಿ ಮೊದಲಾದ ದೇಶಗಳಲ್ಲಿ ಸಣ್ಣ ಸ್ತನಾರ್ಬುದವಿದ್ದು ಶಬ್ದತರಂಗದ ಪರೀಕ್ಷೆಯಲ್ಲಿ ಕಂಕುಳು ಶುದ್ಧವಾಗಿ ಕಂಡ ೧,೪೦೫ ಸ್ತ್ರೀಯರ ಫಲವು ೨೦೨೩ರಲ್ಲಿ ಪ್ರಕಟವಾಯಿತು, ಕಾವಲುಗ್ರಂಥಿಯನ್ನು ಕೂಡ ತೆಗೆಯದೆ ಬಿಟ್ಟವರಲ್ಲಿ ಐದು ವರ್ಷಗಳ ಮೇಲೆ ನೂರಕ್ಕೆ ೯೮ರಷ್ಟು ಮಂದಿ ರೋಗವು ದೂರದ ಅಂಗಗಳಿಗೆ ಹರಡದೆ ಉಳಿದಿದ್ದರು, ತೆಗೆದವರಲ್ಲಿ ೯೭.೭. ಒಂದೇ ಅನುಪಲಬ್ಧಿಯು ಕೊರಳಿನಲ್ಲಿ ವಂಚಿಸಿತು, ಕಂಕುಳಿನಲ್ಲಿ ವಂಚಿಸಲಿಲ್ಲ. ಸ್ಥಾನ, ರೋಗದ ಸ್ವಭಾವ, ಸಹಕಾರಿಚಿಕಿತ್ಸೆ ಇವುಗಳನ್ನು ನೋಡದೆ ಒಂದರ ಸಿದ್ಧಾಂತವನ್ನು ಇನ್ನೊಂದಕ್ಕೆ ಹೊರಿಸಲಾಗದು.

೫. ದೇಹಲೀದೀಪನ್ಯಾಯ

ಹೊಸ್ತಿಲ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುತ್ತದೆ. ಹಾಗೆ ಒಂದೇ ಅಣುವು ರೋಗವನ್ನು ತೋರಿಸುವುದಕ್ಕೂ ಕೊಲ್ಲುವುದಕ್ಕೂ ಒದಗಿದರೆ?

ಇದಕ್ಕೆ ಮೊದಲನೆಯ ಉದಾಹರಣೆಯು ಅಯೋಡಿನ್. ಗಂಟಲಿನ ಥೈರಾಯಿಡ್ ಗ್ರಂಥಿಯು ಅಯೋಡಿನ್ನನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ೧೯೪೬ರಲ್ಲಿ ಸೈಡ್ಲಿನ್ ಮತ್ತು ಸಂಗಡಿಗರು, ದೇಹದಲ್ಲಿ ಹರಡಿದ್ದ ಥೈರಾಯಿಡ್ ಅರ್ಬುದಕ್ಕೆ ವಿಕಿರಣಶೀಲವಾದ ಅಯೋಡಿನ್ನನ್ನು ಕೊಟ್ಟು ಗುಣಕಂಡುದನ್ನು ವರದಿಮಾಡಿದರು. ಹೀರಿಕೊಂಡ ಎಡೆಯು ಯಂತ್ರಕ್ಕೆ ಕಾಣುತ್ತದೆ. ಅದೇ ಕಿರಣದಿಂದ ಸಾಯುತ್ತದೆ.

ಪಿ. ಎಸ್. ಎಂ. ಎ.ಯನ್ನು ಹಿಡಿಯುವ ಅಣುವಿನ ವಿಷಯದಲ್ಲಿಯೂ ಇದೇ ಮಾರ್ಗವನ್ನು ಅನುಸರಿಸಲಾಗಿದೆ. ತೋರಿಸುವುದಕ್ಕೆ ಗ್ಯಾಲಿಯಂ, ಅರ್ಧಾಯು ೬೮ ನಿಮಿಷ. ಕೊಲ್ಲುವುದಕ್ಕೆ ಲ್ಯುಟೀಶಿಯಂ-೧೭೭, ಅರ್ಧಾಯು ಸುಮಾರು ೬.೭ ದಿನ. ಎರಡನೆಯದರ ಬೀಟಾ ಕಿರಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಸುಮಾರು ೨ ಮಿಲಿಮೀಟರ್ ಸಾಗುವುದರಿಂದ ನೆರೆಯ ಭಾಗಗಳಿಗೆ ಹಾನಿಯು ಕಡಮೆ. ಈ ಲ್ಯುಟೀಶಿಯಂ ನಮ್ಮ ದೇಶದಲ್ಲಿಯೂ, ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ, ತಯಾರಾಗುತ್ತದೆ. ಬೇರೆ ಚಿಕಿತ್ಸೆಗಳು ಫಲಿಸದೆ ರೋಗವು ಹರಡಿದ್ದ ೮೩೧ ಪುರುಷರ ಪರಿಶೋಧನೆಯು ೨೦೨೧ರಲ್ಲಿ ಪ್ರಕಟವಾಯಿತು: ಈ ಔಷಧವನ್ನು ಪಡೆದವರ ಮಧ್ಯಮ ಆಯುಸ್ಸು ೧೫.೩ ತಿಂಗಳು, ಪಡೆಯದವರದು ೧೧.೩ ತಿಂಗಳು. ನಾಲ್ಕು ತಿಂಗಳು ಹೆಚ್ಚು. ಆದರೆ ಲಾಲಾಗ್ರಂಥಿಗಳೂ ಈ ಅಣುವನ್ನು ಹೀರುವುದರಿಂದ ನೂರರಲ್ಲಿ ಸುಮಾರು ೩೯ ಮಂದಿಗೆ ಬಾಯಿ ಒಣಗಿತು. ದೀಪದ ಬೆಳಕು ಬಿದ್ದೆಡೆಯಲ್ಲೆಲ್ಲಾ ಅದರ ಕಾವೂ ಬೀಳುತ್ತದೆ.

೬. ದಾರಿ ಕಟ್ಟಿದ ಗ್ರಂಥಿ

ರಕ್ತದ ಮೂಲಕವಲ್ಲದೆ ದುಗ್ಧನಾಳದ ಮೂಲಕವೇ ಔಷಧವನ್ನು ಗ್ರಂಥಿಗೆ ಮುಟ್ಟಿಸಬಹುದೆಂಬ ವಿಚಾರವೂ ನಡೆಯುತ್ತಿದೆ. ಇಲ್ಲಿ ಕಣದ ಗಾತ್ರವೇ ಮುಖ್ಯ. ಒಂದು ಮೀಟರಿನ ನೂರು ಕೋಟಿಯ ಒಂದು ಪಾಲು ನ್ಯಾನೋಮೀಟರು. ಚರ್ಮದ ಕೆಳಗೆ ಚುಚ್ಚಿದ ಕಣವು ೧೦ ನ್ಯಾನೋಮೀಟರಿಗಿಂತ ಸಣ್ಣದಾದರೆ ರಕ್ತನಾಳಕ್ಕೆ ನುಸುಳಿಹೋಗುತ್ತದೆ. ೧೦೦ಕ್ಕಿಂತ ಬಹಳ ದೊಡ್ಡದಾದರೆ ಚುಚ್ಚಿದಲ್ಲಿಯೇ ನಿಲ್ಲುತ್ತದೆ. ನಡುವಿನ ಗಾತ್ರದ್ದು ದುಗ್ಧನಾಳವನ್ನು ಹಿಡಿದು ಗ್ರಂಥಿಯನ್ನು ಸೇರುತ್ತದೆ. ಆದರೆ ಒಂದು ವಿಪರ್ಯಾಸವುಂಟು. ಗ್ರಂಥಿಯು ಅರ್ಬುದದಿಂದ ತುಂಬಿಹೋದರೆ ರಸದ ದಾರಿಯು ಕಟ್ಟುತ್ತದೆ. ರಸವು ಪಕ್ಕದ ನಾಳಗಳನ್ನು ಹಿಡಿಯುತ್ತದೆ. ಔಷಧವು ಯಾವುದಕ್ಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕೋ ಅದಕ್ಕೇ ತಲಪುವುದಿಲ್ಲ. ಕಾವಲುಗ್ರಂಥಿಯ ಪರೀಕ್ಷೆಯು ಕೆಲವೊಮ್ಮೆ ತಪ್ಪುವುದಕ್ಕೂ ಇದು ಒಂದು ಕಾರಣ. ಆದುದರಿಂದ ಈ ಮಾರ್ಗವು ಇನ್ನೂ ಬಹುಮಟ್ಟಿಗೆ ಪರಿಶೋಧನೆಯ ಹಂತದಲ್ಲಿಯೇ ಇದೆ.

೭. ಉಪಸಂಹಾರ

ಜರ್ಮನಿಯ ಪೌಲ್ ಎರ್ಲಿಕ್ ಎಂಬ ವಿಜ್ಞಾನಿಯು ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ರೋಗಾಣುವನ್ನೇ ಅರಸಿಹೋಗಿ ಕೊಲ್ಲುವ ಮಾಯಾಗುಂಡನ್ನು ಕಲ್ಪಿಸಿದನು. ನಮ್ಮಲ್ಲಿ ಇಂತಹ ಔಷಧಗಳ ಸುದ್ದಿ ಬಂದಾಗಲೆಲ್ಲಾ ಪತ್ರಿಕೆಗಳು ‘ರಾಮಬಾಣ’ವೆಂದು ಬರೆಯುತ್ತವೆ. ಗುರಿತಪ್ಪದ, ಹಿಂದಿರುಗಿ ಕೇಳಬೇಕಾಗಿಲ್ಲದ ಅಸ್ತ್ರವದು. ಮೇಲೆ ಹೇಳಿದುದನ್ನು ನೋಡಿದರೆ ಈಗಿನ ಯಾವ ಔಷಧಕ್ಕೂ ಆ ಹೆಸರು ಸಲ್ಲದು: ಗುರಿಯಲ್ಲದುದಕ್ಕೂ ಅದು ತಗಲುತ್ತದೆ, ಗುರಿಯು ಸಣ್ಣದಾದರೆ ಕಾಣದೆ ಹೋಗುತ್ತದೆ. ‘ಲಕ್ಷ್ಯಾನುಸಾರಿ’ಯೆಂದರೆ ಸಾಕು, ಲಕ್ಷ್ಯವನ್ನು ಅನುಸರಿಸಿ ಹೋಗುವುದು ಎಂಬಷ್ಟನ್ನೇ ಆ ಮಾತು ಹೇಳುತ್ತದೆ, ಮುಟ್ಟಿಯೇ ತೀರುವುದೆಂದು ಹೇಳುವುದಿಲ್ಲ. ರೋಗಿಯ ಮನೆಯವರು ಓದುವುದು ಕನ್ನಡವನ್ನು. ಒಂದು ಮಾತಿನಲ್ಲಿ ಹೆಚ್ಚು ಆಸೆಯನ್ನಿಟ್ಟರೆ ಅದರ ಭಾರವನ್ನು ಹೊರುವವರು ಅವರೇ. ಆದುದರಿಂದ ಶಬ್ದದ ವಿಷಯದಲ್ಲಿ ಮಿತವಾಗಿರುವುದು ಭಾಷೋಪಾಧ್ಯಾಯರಾದ ನಮ್ಮ ಕರ್ತವ್ಯ.

ಚಿಕ್ಕಮ್ಮನವರು ಈಗ ಇಲ್ಲ. ಇದ್ದಿದ್ದರೆ ಹೀಗೆ ಹೇಳುತ್ತಿದ್ದೆನು: “ನಿಮ್ಮ ಕೈಯ ಗಂಟುಗಳಲ್ಲಿ ರೋಗವಿರಲಿಲ್ಲವೆಂಬುದು ತೆಗೆದ ಮೇಲೆ ತಿಳಿಯಿತು, ಚಿಕ್ಕಮ್ಮ. ತೆಗೆಯುವುದಕ್ಕೆ ಮೊದಲೇ ತಿಳಿಯುವ ಉಪಾಯವು ಆಗತಾನೆ ಹುಟ್ಟುತ್ತಿತ್ತು. ಅದು ನಮ್ಮೂರಿಗೆ ಇನ್ನೂ ಬಂದಿರಲಿಲ್ಲ.” ಇಂದು ಅದೇ ರೋಗದಿಂದ ಬರುವ ಸ್ತ್ರೀಯರಲ್ಲಿ ಅನೇಕರ ಕೈ ಬಾಯದೆ ಉಳಿಯುತ್ತದೆ. ಅಷ್ಟು ಲಾಭವು ದಿಟವಾಗಿ ಬಂದಿದೆ. ಉಳಿದುದನ್ನು ಇದೆಯೆಂದೂ ಇಲ್ಲವೆಂದೂ ಅವಸರದಿಂದ ಹೇಳದೆ, ಕಾಣುವ ಯೋಗ್ಯತೆಯನ್ನು ಹೆಚ್ಚಿಸುತ್ತಾ ಹೋಗುವುದೇ ಶಾಸ್ತ್ರದ ದಾರಿ. ಇಲ್ಲಿ ಬಳಸಿದ ಪಾರಿಭಾಷಿಕ ಶಬ್ದಗಳಲ್ಲಿ ದೋಷವಿದ್ದರೆ ವಿದ್ವಾಂಸರು ತಿದ್ದಿ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.